ಇಬ್ಬರ ಜಗಳದ ನಡುವೆ ಕೂತು ಮಾತಾಡಿಸುವುದನ್ನು ಕಲಿಯುವುದು ಹೇಗೆ? ಕಲಬುರಗಿ ಕಡೆಯವರು ಹೇಳಿ

ಕಾಗಿಣಾ ದಂಡೆ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ಶರಣು. ನಾನು ಚಿತ್ತಾಪುರ ತಾಲ್ಲೂಕಿನವನು, ಶಾಲೆ ಮಾಸ್ತರ. ನಮ್ಮೂರಲ್ಲಿ ಒಡ್ಡಿನ ತಕರಾರಾಗಲಿ, ಅಣ್ಣ-ತಮ್ಮಂದಿರ ಪಾಲಾಗಲಿ, ಕೈಗಡ ಕೊಟ್ಟ ದುಡ್ಡು ವಾಪಸ್ ಬರಲಿಲ್ಲ ಅನ್ನೋ ಜಗಳವಾಗಲಿ, ಠಾಣೆಗಿಂತ ಮೊದಲು ಗುಡಿ ಕಟ್ಟೆಗೆ ಬರುತ್ತದೆ. ಅಲ್ಲಿ ಕೂರುತ್ತಿದ್ದ ಹಿರಿಯರು ಒಬ್ಬೊಬ್ಬರೇ ತೀರಿಕೊಂಡರು. ಉಳಿದವರು ಮಕ್ಕಳ ಜೊತೆ ಪುಣೆ, ಹೈದರಾಬಾದ್ ಸೇರಿದರು. ಈಗ ಜನ "ಮಾಸ್ತರಗ ಕರೀರಿ, ಓದಿದವರು ಅದಾರ" ಅಂತ ನನ್ನ ಮನೆಗೆ ಬರುತ್ತಿದ್ದಾರೆ.

ಓದಿದ್ದು ಇದಕ್ಕೆ ಸಾಕಾಗುವುದಿಲ್ಲ. ಇದು ಬೇರೆಯೇ ಕೆಲಸ. ಹಿರಿಯರು ಕೂತಾಗ ನಾನು ಬಹಳ ಸಲ ನೋಡಿದ್ದೇನೆ. ಇಬ್ಬರೂ ಒಂದಿಷ್ಟು ಕೂಗಾಡುತ್ತಾರೆ. ಆಮೇಲೆ ಒಬ್ಬ ಹಿರಿಯರು "ನೀ ಇಷ್ಟು ಬಿಡು, ಅವ ಇಷ್ಟು ಬಿಡಲಿ" ಅಂತ ಹೇಳಿಬಿಡುತ್ತಾರೆ. ದೊಡ್ಡವರ ಮಾತು ಮೀರಬಾರದು ಅಂತ ಇಬ್ಬರೂ ಗೋಣು ಹಾಕುತ್ತಾರೆ. ಚಹಾ ಬರುತ್ತದೆ. ಮುಂದಿನ ವರ್ಷ ಮೃಗಶಿರಾ ಮಳೆಗೆ ಬಿತ್ತುವ ಹೊತ್ತಿಗೆ ಅದೇ ಒಡ್ಡಿನ ಮೇಲೆ ಅದೇ ಇಬ್ಬರು ನಿಂತಿರುತ್ತಾರೆ.

ನನಗೆ ಅನಿಸುವುದು ಇಷ್ಟು: ನಡುವೆ ಕೂತವನು ತೀರ್ಪು ಕೊಡಬಾರದು. ಅವರೇ ಒಂದು ಮಾತಿಗೆ ಬರುವ ಹಾಗೆ ಮಾಡಬೇಕು. ಆದರೆ ಅದನ್ನು ಮಾಡುವುದು ಹೇಗೆ?

ಈಗ ನನ್ನ ಮುಂದೆ ಒಂದು ಮನೆಯ ಪಾಲಿನ ವಿಷಯ ಇದೆ. ತಂದೆ ಹೋಗಿದ್ದಾರೆ. ದೊಡ್ಡ ಮಗ ಊರಲ್ಲೇ ಇದ್ದು ಹೊಲ ಮಾಡುತ್ತಾನೆ. ಚಿಕ್ಕವನದು ಕಲಬುರಗಿಯಲ್ಲಿ ಸಣ್ಣ ಅಂಗಡಿ. ಹಬ್ಬಕ್ಕೂ ಒಬ್ಬರ ಮನೆಗೆ ಒಬ್ಬರು ಹೋಗುತ್ತಿಲ್ಲ. ಹೆಸರು, ಊರು ದಯವಿಟ್ಟು ಕೇಳಬೇಡಿ. ಅನುಭವ ಇದ್ದವರು ಬಿಡಿಸಿ ಬರೆಯಿರಿ.

ಸಂಘದಕ್ಕ, ಸೇಡಂ

ಮಾಸ್ತರರೇ, ನಾನು ಸ್ವಸಹಾಯ ಸಂಘದ ಪ್ರತಿನಿಧಿ. ನಮ್ಮ ಜಗಳಗಳು ಹೊಲದಷ್ಟು ದೊಡ್ಡವಲ್ಲ. ಆದರೆ ವಾರ ವಾರ ಅದೇ ಮುಖಗಳನ್ನು ನೋಡಬೇಕಲ್ವಾ, ಹಾಗಾಗಿ ಅರ್ಧಂಬರ್ಧ ಮುಗಿಸಿದರೆ ನಡೆಯುವುದಿಲ್ಲ.

ಒಂದು ವಿಷಯ ಹೇಳುತ್ತೇನೆ. ಬ್ಯಾಂಕ್ ಸಾಲ ಸಂಘದ ಹೆಸರಲ್ಲಿ ಇರುತ್ತದೆ. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರ ಮೇಲೆ ಬೀಳುತ್ತದೆ. ನಮ್ಮಲ್ಲಿ ಒಬ್ಬಳು ನಿಲ್ಲಿಸಿಬಿಟ್ಟಳು. ಸಭೆಯಲ್ಲಿ ಎಲ್ಲರೂ ಅವಳ ಮೇಲೆ ಬಿದ್ದರು. "ಹೊಸ ಸೀರಿ ಉಡಾಕ ರೊಕ್ಕ ಅದಾವ, ಕಂತಿಗಿ ಇಲ್ಲೇನು?" ಅಂದರು. ಅವಳು ಬಾಯಿ ಬಿಡಲಿಲ್ಲ. ಎದ್ದು ಹೋದಳು.

ಮರುದಿನ ಮಧ್ಯಾಹ್ನ, ಗಂಡಸರು ಇಲ್ಲದ ಹೊತ್ತಲ್ಲಿ ಅವಳ ಮನೆಗೆ ಹೋದೆ. ಪುಂಡಿಪಲ್ಯ ಸೋಸುತ್ತಾ ಕೂತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಸೋಸತೊಡಗಿದೆ. ಹಣದ ಮಾತು ತೆಗೆಯಲೇ ಇಲ್ಲ. ಮಗಳ ಶಾಲೆ, ಅತ್ತೆಯ ಮೊಣಕಾಲು ನೋವು ಅಂತ ಮಾತಾಡುತ್ತಾ ಅರ್ಧ ಪಲ್ಯ ಮುಗಿಯಿತು. ಆಗ ಅವಳೇ ಹೇಳಿದಳು. ಕಂತಿನ ದುಡ್ಡು ತಿಂಗಳು ತಿಂಗಳು ಗಂಡನ ಕೈಗೆ ಕೊಟ್ಟಿದ್ದಳು. ಅವನು ಬ್ಯಾಂಕಿಗೆ ಹೋಗೇ ಇರಲಿಲ್ಲ.

"ಇದನ್ನ ಸಭೆಯಲ್ಲಿ ಹೇಳಲೇನು?" ಅಂತ ಕೇಳಿದೆ. ಬೇಡ ಅಂತ ಕೈ ಹಿಡಿದುಕೊಂಡಳು. "ಮತ್ತ ಏನ್ ಹೇಳಲಿ?" ಅಂದೆ. "ಇನ್ನ ಮುಂದ ನಾನs ಬಂದು ಕಟ್ಟತೀನಿ. ಹಿಂದಿಂದಕ್ಕ ತೊಗರಿ ರಾಶಿತನಕ ಟೈಮ್ ಕೊಡ್ರಿ ಅಂತ ಹೇಳಕ್ಕ" ಅಂದಳು. ಅಷ್ಟನ್ನೇ ಹೇಳಿದೆ. ಒಂದಿಬ್ಬರು ಕಾರಣ ಕೇಳಿದರು. "ಕಾರಣ ಅವಳದು, ಮಾತು ನಮ್ಮದು. ಈ ಮಾತು ಒಪ್ಪಿಗೆಯೋ ಇಲ್ಲವೋ?" ಅಂದೆ. ಒಪ್ಪಿದರು. ರಾಶಿ ಆದ ಮೇಲೆ ಅವಳು ಕಟ್ಟಿದಳು.

ನಾನು ಮಾಡುವುದು ಇಷ್ಟೇ. ಮೊದಲು ಒಬ್ಬೊಬ್ಬರನ್ನೇ ಬೇರೆ ಬೇರೆ ಮಾತಾಡಿಸುತ್ತೇನೆ. ಎದ್ದು ಬರುವ ಮುಂಚೆ, ಇದರಲ್ಲಿ ಯಾವುದನ್ನು ಆ ಕಡೆ ಹೇಳಬಹುದು, ಯಾವುದು ಬೇಡ ಅಂತ ಅವರ ಬಾಯಿಂದಲೇ ಕೇಳಿಕೊಳ್ಳುತ್ತೇನೆ. ಒಂದು ಮನೆಯ ಗುಟ್ಟು ನಮ್ಮ ಬಾಯಿಂದ ಹೊರಗೆ ಹೋದರೆ ಸಾಕು, ಆಮೇಲೆ ಊರಲ್ಲಿ ಯಾರೂ ನಮ್ಮ ಮುಂದೆ ನಿಜ ಹೇಳುವುದಿಲ್ಲ.

ಒಣಬೇಸಾಯ, ಜೇವರ್ಗಿ

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹೊಲದ ದಾರಿಯ ವಿಷಯ ಬರೆಯುತ್ತೇನೆ. ನಮ್ಮ ಕಡೆ ಜಾಸ್ತಿ ಜಗಳ ಆಗುವುದು ಇದಕ್ಕೇ.

ನಮ್ಮದು ಎರೆ ಹೊಲ. ಮುಂದಿನ ಹೊಲದವರು ಮುಂಗಾರಿಯಲ್ಲಿ ತೊಗರಿ ಹಾಕುತ್ತಾರೆ. ಜೂನ್-ಜುಲೈನಲ್ಲಿ ಬಿತ್ತಿದರೆ ಡಿಸೆಂಬರ್-ಜನವರಿವರೆಗೆ ಬೆಳೆ ನಿಂತಿರುತ್ತದೆ. ಹಿಂದಿನ ಹೊಲದವರು ಹಿಂಗಾರಿ ಜೋಳದವರು. ಅವರಿಗೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತಬೇಕು. ಆಗ ಮುಂದಿನವರ ತೊಗರಿ ಎದೆಮಟ್ಟ ಬೆಳೆದಿರುತ್ತದೆ. ಹಿಂದೆ ಎತ್ತು, ಕೂರಿಗೆ ಇದ್ದಾಗ ಒಡ್ಡಿನ ಗುಂಟ ಹೇಗೋ ಹೋಗುತ್ತಿದ್ದರು. ಈಗ ಟ್ರ್ಯಾಕ್ಟರ್. ಅದು ಒಡ್ಡಿನ ಮೇಲೆ ಹೋಗುವುದಿಲ್ಲ.

ನಾನು ಕೂತಿದ್ದ ಜಗಳದಲ್ಲಿ ಒಬ್ಬರು "ದಾರಿ ಬೇಕೇ ಬೇಕು" ಅನ್ನುತ್ತಿದ್ದರು. ಇನ್ನೊಬ್ಬರು "ಒಂದು ಗೇಣು ಬಿಡಲ್ಲ" ಅನ್ನುತ್ತಿದ್ದರು. ಹೀಗೇ ಬಿಟ್ಟಿದ್ದರೆ ಬೆಳಗಾಗುವತನಕ ಅದೇ ನಡೆಯುತ್ತಿತ್ತು. ನಾನು ಹಿಂದಿನ ಹೊಲದ ಕಾಕಾನನ್ನು ಕೇಳಿದೆ: "ಕಾಕಾ, ದಾರಿ ನಿಮಗ ಯಾವ ಯಾವ ತಿಂಗಳದಾಗ ಬೇಕು?" ಅವರು ಸ್ವಲ್ಪ ಹೊತ್ತು ಯೋಚಿಸಿದರು. ಬಿತ್ತುವಾಗ ಬೇಕು, ರಾಶಿ ಮಾಡುವಾಗ ಬೇಕು ಅಂದರು. ಜೋಳದ ರಾಶಿ ಆಗುವ ಹೊತ್ತಿಗೆ ತೊಗರಿ ಕೊಯ್ದು ಹೊಲ ಬರಿದಾಗಿರುತ್ತದೆ. ಅಂದರೆ ತಕರಾರು ಉಳಿದಿದ್ದು ಬಿತ್ತನೆಯ ಕೆಲವೇ ದಿನಗಳದ್ದು. ವರ್ಷವಿಡೀ ದಾರಿ ಬಿಡಬೇಕು ಅಂದುಕೊಂಡು ಹೆದರಿದ್ದ ಮುಂದಿನವರ ದನಿ ಅಲ್ಲಿಗೇ ಇಳಿಯಿತು.

ಆಮೇಲೆ ಅವರ ಕಷ್ಟ ಕೇಳಿದೆ. ಟ್ರ್ಯಾಕ್ಟರ್ ಅಗಲ ಬಿಟ್ಟರೆ ಅಷ್ಟು ಸಾಲು ತೊಗರಿ ಹೋಗುತ್ತದೆ, ಅದು ಸುಳ್ಳಲ್ಲ. ದುಡ್ಡು ಕೊಡುತ್ತೇವೆ ಅಂದರೆ ಅವರಿಗೆ ಅವಮಾನ. ಆಗ ಅಲ್ಲೇ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಒಂದು ಮಾತು ಹೇಳಿದರು: "ನಮ್ಮ ಎತ್ತಿಗಿ ಬ್ಯಾಸಗ್ಯಾಗ ಕಣಿಕಿ ಸಾಲಂಗಿಲ್ಲ. ಅವರ ಮನ್ಯಾಗ ಜ್ವಾಳದ ಕಣಿಕಿ ಭಾಳ ಆಗ್ತದ." ಅಲ್ಲಿಗೆ ಮುಗಿಯಿತು ನೋಡಿ. ತೊಗರಿ ಕಟ್ಟಿಗೆ ಒಲೆಗೆ ಆಗುತ್ತದೆ, ಎತ್ತಿನ ಹೊಟ್ಟೆಗೆ ಆಗುವುದಿಲ್ಲ. ಒಡ್ಡಿನ ಗುಂಟ ಒಂದು ಟ್ರ್ಯಾಕ್ಟರ್ ಅಗಲ ಬಿತ್ತದೆ ಬಿಡುವುದು, ಜೋಳದ ರಾಶಿ ಆದಮೇಲೆ ಇವರ ಬಣವೆಗೆ ಕಣಿಕಿ ತಂದು ಹಾಕುವುದು. ಈ ಉಪಾಯ ನನ್ನ ತಲೆಯಿಂದ ಯಾವ ಜನ್ಮಕ್ಕೂ ಬರುತ್ತಿರಲಿಲ್ಲ. ಆ ತಾಯಿಯನ್ನು ಯಾರೂ ಮಾತಿಗೆ ಕರೆದೇ ಇರಲಿಲ್ಲ.

ಇನ್ನೊಂದು. ಒಡ್ಡು ಯಾರದು, ಎಷ್ಟು ಸರಿದಿದೆ ಅನ್ನುವುದನ್ನು ಕೂತು ವಾದ ಮಾಡಬೇಡಿ. ಅದು ಅಳತೆಯ ವಿಷಯ. ಹದ್ದುಬಸ್ತಿಗೆ ಅರ್ಜಿ ಹಾಕಿಸಿ. ಸರ್ವೇಯರ್ ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಎಲ್ಲರ ಮುಂದೆ ಅಳೆದು ಗಡಿ ತೋರಿಸುತ್ತಾರೆ. ಬಾಂದು ಕಲ್ಲು ಎಲ್ಲಿ ಅಂತ ಗೊತ್ತಾದ ಮೇಲೆ ಅರ್ಧ ಸಿಟ್ಟು ತಾನೇ ಇಳಿಯುತ್ತದೆ.

ಶಾಬಜಾರದವ

ಎಲ್ಲಾ ಓದಿದೆ, ಚೆನ್ನಾಗಿದೆ. ಆದರೆ ನನಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ಜನ ನಮ್ಮ ಹತ್ತಿರ ಬರುವುದೇ "ನೀವೇ ಏನರೆ ಹೇಳ್ರಿ" ಅಂತ. ನಮ್ಮ ಗಲ್ಲಿಯಲ್ಲಿ ನಳದ ನೀರಿಗೆ ಮೋಟಾರ್ ಹಚ್ಚುವ ಜಗಳ ಪ್ರತಿ ಬೇಸಿಗೆಯಲ್ಲೂ ಇದ್ದದ್ದೇ. ಅಲ್ಲಿ ಹೋಗಿ "ನಿಮಗೆ ಏನನಿಸುತ್ತದೆ, ನಿಮಗೆ ಏನನಿಸುತ್ತದೆ" ಅಂತ ಕೇಳುತ್ತಾ ಕೂತರೆ ಎರಡೂ ಕಡೆಯವರು ನನ್ನ ಮೇಲೇ ಸಿಟ್ಟಾಗುತ್ತಾರೆ. ತಪ್ಪು ಮಾಡಿದವನಿಗೆ ತಪ್ಪು ಅಂತ ಹೇಳುವ ಧೈರ್ಯವೂ ಬೇಕು. ಹಿರಿಯರಿಗೆ ಅದಿತ್ತು.

ಕಾಗಿಣಾ ದಂಡೆ

ಅಣ್ಣಾರೇ, ನಿಮ್ಮ ಮಾತಲ್ಲಿ ಹುರುಳಿದೆ. ಆದರೆ ನಳಕ್ಕೆ ಮೋಟಾರ್ ಹಚ್ಚಬಾರದು ಅನ್ನುವುದು ಮೊದಲೇ ಇರುವ ನಿಯಮ. ಅದಕ್ಕೆ ರಾಜಿ ಬೇಕಿಲ್ಲ. ನಿಯಮ ಹೇಳಿದರೆ ಸಾಕು. ಯಾರ ಮನೆಯ ಕೊಡ ಮೊದಲು, ಎತ್ತರದ ಮನೆಯವರಿಗೆ ನೀರು ಏರದಿದ್ದರೆ ಏನು ಮಾಡುವುದು ಅನ್ನುವಾಗ ಮಾತು ಬೇಕು.

ನಾನು ತೀರ್ಪು ಕೊಟ್ಟರೆ ಅದು ನನ್ನ ತೀರ್ಪಾಗುತ್ತದೆ. ಅವರ ಒಪ್ಪಂದ ಆಗುವುದಿಲ್ಲ. ಸ್ವಲ್ಪ ಹೆಚ್ಚುಕಡಿಮೆ ಆದರೆ "ಮಾಸ್ತರ ಹಿಂಗ ಮಾಡಿದ್ರು" ಅಂತಾರೆ. ಉಳಿಸಿಕೊಳ್ಳುವ ಹೊಣೆ ಯಾರಿಗೂ ಇರುವುದಿಲ್ಲ.

"ನೀವೇ ಹೇಳ್ರಿ" ಅಂತ ಒತ್ತಾಯ ಬಂದಾಗ ನಾನೊಂದು ಪ್ರಶ್ನೆ ಕೇಳುತ್ತೇನೆ. "ನಾನು ಏನು ಹೇಳಿದರೆ ನೀವು ಎದ್ದು ಹೋಗ್ತೀರಿ, ಅದನ್ನ ಮೊದಲು ಹೇಳಿ" ಅಂತ. ಇದಕ್ಕೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ. ಅದು ಬಾಯಿಂದ ಬಂದರೆ, ಅವರಿಗೆ ಬಿಡಲಾಗದ್ದು ಯಾವುದು, ಬಿಡಬಹುದಾದದ್ದು ಯಾವುದು ಅಂತ ಬೇರೆಯಾಗುತ್ತದೆ.

ಇನ್ನೊಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಒಬ್ಬರು ಹೇಳಿದ್ದನ್ನು ಬೈಗುಳ ತೆಗೆದು, ಹುರುಳು ಇಟ್ಟು, ವಾಪಸ್ ಹೇಳುತ್ತೇನೆ. "ಅವ ಕಳ್ಳ, ಅಪ್ಪನ ದವಾಖಾನಿ ಖರ್ಚಿಗಿ ಒಂದು ಪೈಸಾ ಬಿಚ್ಚಲಿಲ್ಲ" ಅಂದರೆ, "ದವಾಖಾನೆ ಖರ್ಚು ನೀವೊಬ್ಬರೇ ಹೊತ್ತಿರಿ, ಅದನ್ನ ಪಾಲಿನಲ್ಲಿ ಲೆಕ್ಕ ಹಿಡಿಯಬೇಕು ಅಂತೀರಿ, ಹೌದಲ್ಲ?" ಅಂತ. ಹೌದು ಅಂದರೆ ಮುಂದೆ ಹೋಗಬಹುದು. ಅಲ್ಲ ಅಂದರೆ ಇನ್ನೂ ಚೆನ್ನಾಗಿ ಬಿಡಿಸಿ ಹೇಳುತ್ತಾರೆ. ಎರಡೂ ಒಳ್ಳೆಯದೇ.

ವಕೀಲ, ಸ್ಟೇಷನ್ ರಸ್ತೆ

ಕೋರ್ಟಿನ ಕಡೆಯಿಂದ ಒಂದಿಷ್ಟು ಹೇಳುತ್ತೇನೆ, ಉಪಯೋಗ ಆದೀತು.

ಇದನ್ನು ಕಲಿಸುವ ಕ್ರಮ ಇದೆ. ಸುಪ್ರೀಂ ಕೋರ್ಟ್ 2005ರಲ್ಲಿ ಮಧ್ಯಸ್ಥಿಕೆಗೆ ಅಂತಲೇ ಒಂದು ಸಮಿತಿ ಮಾಡಿತು. ಅದರ ಕ್ರಮದಲ್ಲಿ ಕೋರ್ಟಿನ ಮಧ್ಯಸ್ಥಗಾರರಿಗೆ 40 ಗಂಟೆಗಳ ತರಬೇತಿ ಇದೆ. ಬೆಂಗಳೂರಿನಲ್ಲಿ ಹೈಕೋರ್ಟಿನ ಮಧ್ಯಸ್ಥಿಕೆ ಕೇಂದ್ರ 2007ರಲ್ಲಿ ಶುರುವಾಯಿತು. ತರಬೇತಿಯಲ್ಲಿ ಕಾನೂನಿನ ಪಾಠಕ್ಕಿಂತ ಮಾತಾಡಿಸುವ ಅಭ್ಯಾಸವೇ ಜಾಸ್ತಿ. ಒಬ್ಬರು ಗಂಡ, ಒಬ್ಬರು ಹೆಂಡತಿ, ಒಬ್ಬರು ಮಧ್ಯಸ್ಥ ಅಂತ ಪಾತ್ರ ಹಂಚಿಕೊಂಡು ಕೂರಿಸುತ್ತಾರೆ. ವಕೀಲರಿಗೆ ಇದು ಬಹಳ ಕಷ್ಟ. ಸುಮ್ನೆ ಕೇಳುವುದು ನಮ್ಮ ಕಸುಬಲ್ಲವಲ್ಲ, ವಾದ ಮಾಡುವುದು ನಮ್ಮ ಕಸುಬು.

ನೀವು ವಕೀಲರಲ್ಲ, ಹಾಗಾಗಿ ನಿಮಗೆ ಹತ್ತಿರದ ದಾರಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. 1987ರ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ಇದೆ. ಅರೆಕಾಲಿಕ ಕಾನೂನು ಸ್ವಯಂಸೇವಕರನ್ನು ಅವರು ತಯಾರು ಮಾಡುತ್ತಾರೆ. ಶಿಕ್ಷಕರೂ ಆಗಬಹುದು. 15100ಕ್ಕೆ ಫೋನ್ ಮಾಡಿದರೆ ಮಾಹಿತಿ ಸಿಗುತ್ತದೆ.

2023ರಲ್ಲಿ ಮಧ್ಯಸ್ಥಿಕೆ ಕಾಯ್ದೆ ಬಂತು. ಅದರಲ್ಲಿ ಸಮುದಾಯ ಮಧ್ಯಸ್ಥಿಕೆ ಅಂತ ಒಂದು ಭಾಗ ಇದೆ. ಒಂದು ಓಣಿಯ, ಒಂದು ಊರಿನ ನೆಮ್ಮದಿ ಕೆಡಿಸುವ ಜಗಳಗಳಿಗೆ ಅದು. ಎರಡೂ ಕಡೆಯವರ ಒಪ್ಪಿಗೆ ಮೊದಲೇ ಬೇಕು. 3 ಜನ ಮಧ್ಯಸ್ಥರು ಕೂರುತ್ತಾರೆ. ಊರಲ್ಲಿ ಮರ್ಯಾದೆ ಇರುವ ಸಾಮಾನ್ಯ ಜನರೂ ಆ ಪಟ್ಟಿಯಲ್ಲಿ ಇರಬಹುದು. ಆದರೆ ಅಲ್ಲಿ ಆದ ಒಪ್ಪಂದವನ್ನು ಕೋರ್ಟಿನ ಡಿಕ್ರಿಯ (ತೀರ್ಪಿನ ಆದೇಶದ) ಹಾಗೆ ಜಾರಿ ಮಾಡಿಸಲು ಬರುವುದಿಲ್ಲ. ಕಾಯ್ದೆಯ ಎಲ್ಲಾ ಕಲಮುಗಳನ್ನೂ ಒಂದೇ ದಿನ ಜಾರಿಗೆ ತಂದಿಲ್ಲ ಅನ್ನುವುದೂ ನೆನಪಿರಲಿ. ಜನರ ಮುಂದೆ ಕಾಯ್ದೆಯ ಹೆಸರು ಹೇಳುವ ಮುಂಚೆ ಪ್ರಾಧಿಕಾರದಲ್ಲಿ ವಿಚಾರಿಸಿ.

ಗಟ್ಟಿ ಕಾಗದ ಬೇಕು ಅಂದರೆ ಲೋಕ ಅದಾಲತ್. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ. ಕೇಸು ಹಾಕುವ ಮುಂಚೆಯೂ ಹೋಗಬಹುದು.

ಈಗ ನಿಮ್ಮ ಪಾಲಿನ ವಿಷಯ. ಇಬ್ಬರು ಗಂಡುಮಕ್ಕಳು ಅಂತ ಬರೆದಿದ್ದೀರಿ. ಹೆಣ್ಣುಮಕ್ಕಳು ಇದ್ದಾರಾ?

ಕಾಗಿಣಾ ದಂಡೆ

ಇದ್ದಾರೆ ಸರ್. ಇಬ್ಬರು. ಇಬ್ಬರಿಗೂ ಮದುವೆಯಾಗಿದೆ. "ಅವರದೇನೂ ತಕರಾರಿಲ್ಲ, ಸಹಿ ಹಾಕ್ತಾರೆ" ಅಂತ ಅಣ್ಣ-ತಮ್ಮ ಇಬ್ಬರೂ ಹೇಳುತ್ತಾರೆ. ಈ ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ವಕೀಲ, ಸ್ಟೇಷನ್ ರಸ್ತೆ

ಹಾಗಾದರೆ ನಿಮ್ಮ ಮುಂದೆ ಕೂರಬೇಕಾದವರು ಇಬ್ಬರಲ್ಲ, ಕಡಿಮೆ ಅಂದರೂ ನಾಲ್ವರು. ತಾಯಿ ಇದ್ದರೆ ಐವರು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳೂ ಮಗನಷ್ಟೇ ಹಕ್ಕುದಾರಳು. ತಂದೆ 2005ಕ್ಕಿಂತ ಮುಂಚೆ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿದೆ. ಅಣ್ಣ-ತಮ್ಮ ಎಷ್ಟೇ ಪ್ರೀತಿಯಿಂದ ಹಂಚಿಕೊಂಡರೂ ಅಕ್ಕ-ತಂಗಿಯರನ್ನು ಬಿಟ್ಟು ಮಾಡಿದ ಪಾಲು ಮುಂದೆ ಕೋರ್ಟಿನಲ್ಲಿ ಬಿಚ್ಚಿಕೊಳ್ಳುತ್ತದೆ. ಇಂಥ ಕೇಸುಗಳು ದಿನವೂ ಬರುತ್ತವೆ.

ತಾಂಡಾದ ಹುಡುಗ

ನನಗೂ ಒಂದು ಮಾತು ಹೇಳಬೇಕಿದೆ. ಎಲ್ಲರೂ ಹೇಗೆ ಮಾತಾಡಿಸಬೇಕು ಅಂತ ಬರೆದಿದ್ದೀರಿ. ಎಲ್ಲಿ ಕೂರಿಸಿ, ಯಾವ ಭಾಷೆಯಲ್ಲಿ ಅನ್ನುವುದನ್ನೂ ನೋಡಬೇಕು.

ನಮ್ಮ ತಾಂಡಾದೊಳಗಿನ ಜಗಳ ಆದರೆ ನಾಯಕ್, ಕಾರಭಾರಿ, ಡಾವ್ ಅಂತ ತಾಂಡಾದ ಮುಖಂಡರು ಇರುತ್ತಾರೆ. ಲಂಬಾಣಿಯಲ್ಲೇ ಮಾತು ನಡೆಯುತ್ತದೆ. ತಾಂಡಾದವರಿಗೂ ಊರವರಿಗೂ ತಕರಾರಾದರೆ ನಾವು ಊರ ಕಟ್ಟೆಗೆ ಹೋಗಬೇಕು. ಅಲ್ಲಿ ಕನ್ನಡ. ನಮ್ಮ ಮಾಮಾ ಸಂತೆಯಲ್ಲಿ ಕನ್ನಡ ಚೆನ್ನಾಗಿಯೇ ಮಾತಾಡುತ್ತಾರೆ. ಆದರೆ ಸಿಟ್ಟು ಬಂದರೆ, ದುಃಖ ಆದರೆ ಕನ್ನಡ ಬಾಯಿಗೆ ಬರುವುದಿಲ್ಲ. ಸುಮ್ಮನಾಗಿಬಿಡುತ್ತಾರೆ. ಹಿರಿಯರು ಅದನ್ನು ಒಪ್ಪಿಗೆ ಅಂದುಕೊಳ್ಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ಮನೆಯೊಳಗೆ ಉರ್ದು, ತೆಲುಗು, ಮರಾಠಿ ಮಾತಾಡುವವರು ಎಷ್ಟಿದ್ದಾರೆ! ಅವರ ಮಾತು ಗೊತ್ತಿರುವ, ಎರಡೂ ಕಡೆಯವರು ನಂಬುವ ಒಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ.

ಕಟ್ಟೆಯ ವಿಷಯ ಇನ್ನೂ ಖಾರವಾಗಿದೆ, ಹೇಳಲೇಬೇಕು. ಕಟ್ಟೆ ಮೇಲೆ ಯಾರು ಕೂರುತ್ತಾರೆ, ಕೆಳಗೆ ಯಾರು ನಿಲ್ಲುತ್ತಾರೆ ಅಂತ ನಿಮಗೆಲ್ಲಾ ಗೊತ್ತು. ಒಬ್ಬ ಮೇಲೆ ಕೂತು, ಇನ್ನೊಬ್ಬ ಚಪ್ಪಲಿ ಬಿಟ್ಟು ಕೈಕಟ್ಟಿ ಕೆಳಗೆ ನಿಂತಿದ್ದರೆ ಅಲ್ಲಿ ಯಾವ ರಾಜಿ ಆಗುತ್ತದೆ? ಹೆಣ್ಣುಮಕ್ಕಳು ಅಲ್ಲಿಗೆ ಬರುವುದೇ ಇಲ್ಲ. ಹಿರಿಯರ ನ್ಯಾಯ ಹಿರಿಯರ ನ್ಯಾಯ ಅಂತ ಹೊಗಳುವಾಗ ಇದನ್ನು ಮರೆಯಬಾರದು. ಎಲ್ಲರೂ ಒಂದೇ ಚಾಪೆ ಮೇಲೆ ಕೂರುವ ಜಾಗ ಹುಡುಕಿ. ಶಾಲೆ ವರಾಂಡ ಆದರೂ ಆದೀತು.

ಶಾಬಜಾರದವ

ತಮ್ಮಾ, ಈ ಮಾತು ಒಪ್ಪಿದೆ. ಹಿರಿಯರ ತೀರ್ಪಿನ ಬಗ್ಗೆ ನಾನು ಬರೆದಾಗ ಕೆಳಗೆ ನಿಂತವರ ಕಡೆಯಿಂದ ಅದು ಹೇಗೆ ಕೇಳಿಸುತ್ತದೆ ಅನ್ನುವ ವಿಚಾರ ಬಂದಿರಲಿಲ್ಲ. ತಪ್ಪನ್ನು ತಪ್ಪು ಅನ್ನಬೇಕು ಅನ್ನುವುದನ್ನು ಮಾತ್ರ ಬಿಡುವುದಿಲ್ಲ. ಕೆಲವು ವಿಷಯ ರಾಜಿಗೇ ಬರಬಾರದು, ಅಲ್ವಾ?

ಸಂಘದಕ್ಕ, ಸೇಡಂ

ಬರಲೇಬಾರದು. ಇದನ್ನು ಕಲಿಯದೆ ಯಾರೂ ನಡುವೆ ಕೂರಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಮಕ್ಕಳ ಮೇಲೆ ದೌರ್ಜನ್ಯ ಆದರೆ ರಾಜಿ ಅನ್ನುವ ಮಾತೇ ಇಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಇರುವುದೇ ಅಪರಾಧ. ಅತ್ಯಾಚಾರ, ಜಾತಿ ದೌರ್ಜನ್ಯ, ವರದಕ್ಷಿಣೆ ಹಿಂಸೆ ಇವು ಯಾವುದೂ ಕಟ್ಟೆಯ ವಿಷಯ ಅಲ್ಲ. ಬಾಲ್ಯವಿವಾಹದ ಸುದ್ದಿ ಕೇಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಮ್ಮ ಕಡೆ ಎರಡೂ ಮನೆಯವರನ್ನು ಕೂರಿಸಿ "ಸದ್ಯಕ್ಕ ಮದುವಿ ಮಾಡ್ರಿ, ಆಮ್ಯಾಲ ಕಳಸ್ರಿ" ಅಂತ ಹೇಳುವವರು ಇದ್ದಾರೆ. ಅದು ಹಿರಿತನ ಅಲ್ಲ.

ವಯಸ್ಸಿಗೆ ಬಂದ ಇಬ್ಬರು ಮನಸಾರೆ ಮದುವೆಯಾದರೆ ಯಾವ ಪಂಚಾಯಿತಿಯೂ ನಡುವೆ ಬರುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅದನ್ನೂ ತಿಳಿದಿರಿ.

ಗಂಡ-ಹೆಂಡತಿ ಜಗಳಕ್ಕೆ ಕರೆದರೆ ನಾನು ಮೊದಲು ಹೆಣ್ಣುಮಗಳನ್ನು ಬೇರೆ ಕರೆದುಕೊಂಡು ಹೋಗಿ ಒಂದೇ ಪ್ರಶ್ನೆ ಕೇಳುತ್ತೇನೆ: "ಹೊಡಿತಾನೇನವ್ವ?" ಹೌದು ಅಂದರೆ ಅಥವಾ ತಲೆ ತಗ್ಗಿಸಿದರೆ ಅಲ್ಲಿಗೆ ನನ್ನ ಮಧ್ಯಸ್ಥಿಕೆ ಮುಗಿಯಿತು. ಹೊಡೆಯುವವನನ್ನೂ ಹೊಡೆಸಿಕೊಂಡವಳನ್ನೂ ಎದುರುಬದುರು ಕೂರಿಸಿ ಇಬ್ಬರೂ ಸ್ವಲ್ಪ ಸ್ವಲ್ಪ ಹೊಂದಿಕೊಳ್ಳಿ ಅನ್ನಲು ನನ್ನಿಂದ ಆಗುವುದಿಲ್ಲ. ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112. ಅವಳಿಗೆ ಆ ದಾರಿ ತೋರಿಸುತ್ತೇನೆ.

ಮಾಸ್ತರರೇ, ನಿಮ್ಮ ಪಾಲಿನ ಹೆಣ್ಣುಮಕ್ಕಳ ವಿಷಯ. "ತಕರಾರಿಲ್ಲ" ಅಂತ ಅಣ್ಣಂದಿರ ಬಾಯಿಂದ ಕೇಳಬೇಡಿ. ಅಣ್ಣಂದಿರ ಎದುರಿಗೂ ಕೇಳಬೇಡಿ. ಪಾಲು ಕೇಳಿದರೆ ಪಂಚಮಿಗೆ ಕರೆಯಲು ಯಾರೂ ಬರುವುದಿಲ್ಲ, ಬಾಣಂತನಕ್ಕೆ ತವರು ಇರುವುದಿಲ್ಲ ಅನ್ನುವ ಭಯ ಎಷ್ಟು ದೊಡ್ಡದು ಅಂತ ನಮಗೇ ಗೊತ್ತು. ಎಷ್ಟೋ ಜನ ಆ ಭಯಕ್ಕೇ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ನಿಜವಾಗಿ ಬೇಡ ಅಂದರೆ ಬೇಡ, ಅದು ಅವರ ಇಷ್ಟ. ಆದರೆ ಅದು ಹಕ್ಕು ಅಂತ ಗೊತ್ತಾದ ಮೇಲೆ ಹೇಳಿದ 'ಬೇಡ' ಆಗಿರಬೇಕು.

ಕಾಗಿಣಾ ದಂಡೆ

ಅಕ್ಕಾರೇ, ವಕೀಲ ಸಾಹೇಬರೇ, ತಮ್ಮಾ, ಎಲ್ಲರಿಗೂ ಧನ್ಯವಾದ. ಕೂರಿಸುವ ದಿನವನ್ನು ಮುಂದೆ ಹಾಕಿದ್ದೇನೆ. ದೊಡ್ಡವನಿಗೆ ಬೇಕಿರುವುದು ಬರೀ ಎಕರೆ ಅಲ್ಲ. ತಂದೆಯನ್ನು ಕೊನೆತನಕ ನೋಡಿಕೊಂಡಿದ್ದನ್ನು ಒಬ್ಬರಾದರೂ ಬಾಯಿ ಬಿಟ್ಟು ಹೇಳಲಿ ಅಂತ. ಅದು ಮೊನ್ನೆ ಅವನ ಹೊಲದಲ್ಲಿ ಮಾತಾಡುವಾಗ ಗೊತ್ತಾಯಿತು. ಚಿಕ್ಕವನಿಗೆ ಹೇಳಬಹುದಾ ಅಂತ ಕೇಳಿದೆ. ಹೇಳ್ರಿ ಅಂದ. ಚಿಕ್ಕವನಿಗೆ ಅಂಗಡಿ ಸಾಲ ತೀರಿಸಲು ಈ ವರ್ಷವೇ ಒಂದಿಷ್ಟು ದುಡ್ಡು ಬೇಕು. ಅವನಿಗೆ ಹೊಲ ಉಳುವ ಮನಸ್ಸಿಲ್ಲ. ಅಣ್ಣನೇ ಹೊಲ ಮಾಡಿಕೊಂಡು ತಮ್ಮನಿಗೆ ವರ್ಷ ವರ್ಷ ದುಡ್ಡು ಕೊಡುವ ದಾರಿ ಒಂದು ಇರಬಹುದು. ನಾನು ಹೇಳಿಲ್ಲ. ಅವರಿಗೇ ಹೊಳೆಯುತ್ತದಾ ನೋಡೋಣ.

ಅಕ್ಕ-ತಂಗಿಯರ ಮನೆಗೆ ನನ್ನ ಹೆಂಡತಿಯೂ ಬರುತ್ತಾಳೆ. ಅವಳೇ ಮಾತಾಡಿಸುತ್ತಾಳೆ, ನಾನು ಅಂಗಳದಲ್ಲಿ ಕೂರುತ್ತೇನೆ.

ವಕೀಲ ಸಾಹೇಬರಿಗೆ ಒಂದು ಪ್ರಶ್ನೆ. ಎಲ್ಲರೂ ಒಪ್ಪಿದರೆ ಬರೆಸುವುದು ಹೇಗೆ? ಬಾಂಡ್ ಪೇಪರ್ ಮೇಲೆ ಬರೆದು ಸಹಿ ಹಾಕಿಸಿದರೆ ಸಾಕಾ?

ವಕೀಲ, ಸ್ಟೇಷನ್ ರಸ್ತೆ

ಸಾಲುವುದಿಲ್ಲ. ಜನ ಬಾಂಡ್ ಪೇಪರ್ ನಂಬಿ ಕೆಡುತ್ತಾರೆ. ಆ ಕಾಗದದಿಂದಲೇ ಜಮೀನು ಪಾಲಾಗುತ್ತದೆ ಅಂದರೆ ಅದು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಬೇಕು. ಮೊದಲೇ ಬಾಯಿಮಾತಿನಲ್ಲಿ ಆಗಿಹೋದ ಪಾಲನ್ನು ನೆನಪಿಗೆ ಬರೆದಿಟ್ಟರೆ ಅದಕ್ಕೆ ನೋಂದಣಿ ಬೇಕಿಲ್ಲ. ಆದರೆ ಈ ಎರಡರ ನಡುವಿನ ಗೆರೆ ಸಣ್ಣದು. ಅದನ್ನು ನಂಬಿ ಕೂರಬೇಡಿ, ನೋಂದಣಿಯೇ ಮಾಡಿಸಿ. ಸರ್ವೇ ನಂಬರ್, ಹಿಸ್ಸಾ, ಯಾವ ದಿಕ್ಕಿಗೆ ಯಾರದು, ಬಾವಿ ಯಾರದು, ದಾರಿ ಎಲ್ಲಿ, ದುಡ್ಡು ಕೊಡುವುದಿದ್ದರೆ ಯಾವ ತಾರೀಖಿಗೆ, ಎಲ್ಲಾ ಇರಲಿ. ಆಮೇಲೆ ಪಹಣಿಯಲ್ಲಿ ಹೆಸರು ಬದಲಾಯಿಸುವ ಅರ್ಜಿಯನ್ನೂ ಕೊಡಿಸಿ.

ಸಹಿ ಹಾಕುವ ಮುಂಚೆ ಕರಡನ್ನು ಪ್ರತಿ ಮನೆಗೆ ಒಂದೊಂದು ಕೊಟ್ಟು ಕೆಲವು ದಿನ ಬಿಡಿ. ಯಾರಿಗೆ ಬೇಕೋ ಅವರು ತಮ್ಮ ವಕೀಲರಿಗೆ ತೋರಿಸಲಿ. ಓದಲು ಬಾರದವರಿಗೆ ನೀವೇ ಓದಿ ಹೇಳಬೇಡಿ, ಅವರ ಕಡೆಯವರಿಂದ ಓದಿಸಿ.

ಒಣಬೇಸಾಯ, ಜೇವರ್ಗಿ

ಬಾವಿಯ ಜೊತೆ ಕರೆಂಟ್ ಮೀಟರ್ ಯಾರ ಹೆಸರಲ್ಲಿದೆ ಅಂತಲೂ ನೋಡಿ ಮಾಸ್ತರರೇ. ಪಾಲಾದ ಮೇಲೆ ಪಂಪ್‌ಸೆಟ್ ಚಾಲೂ ಮಾಡುವ ಸರದಿಗೇ ಜಗಳ ಶುರುವಾಗುತ್ತದೆ. ತ್ರೀ ಫೇಸ್ ಬರುವುದೇ ಕೆಲವು ತಾಸು. ಯಾವ ವಾರ ಯಾರು ಮೊದಲು ಅಂತ ಅದನ್ನೂ ಕಾಗದದಲ್ಲಿ ಬರೆಸಿಬಿಡಿ.